ಪೆನ್ಸಿಲ್ ಅಕ್ಷರದ ಲಕೋಟೆ

ನನ್ನ ಕನ್ನಡಕದ ಅಂಗಡಿಗೂ ಲಕೋಟೆಯವರ ನಾಣ್ಯದ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಹಲಗೆಯದು. ಅವರು ಕೆಮ್ಮಿದರೆ ನನ್ನ ಕಡೆ ಫ್ರೇಮುಗಳು ಅಲ್ಲಾಡುತ್ತವೆ. ಗಿರಾಕಿಯನ್ನು ಬೈದರೆ ನನಗೆ ಪ್ರತಿ ಅಕ್ಷರವೂ ಕೇಳುತ್ತದೆ. ಇಪ್ಪತ್ತಾರು ವರ್ಷ ಹೀಗೆ ಕೇಳಿಸಿಕೊಂಡಿದ್ದೇನೆ, ವರ್ಷಕ್ಕೊಮ್ಮೆ ಅವರ ಕಣ್ಣು ಪರೀಕ್ಷೆ ಮಾಡುವವನೂ ನಾನೇ. ಹಾಗಾಗಿ ಅವರ ಬಗ್ಗೆ ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಅವರನ್ನು ಕೇಳಿದರೆ ಇಲ್ಲ ಅನ್ನುತ್ತಾರೆ.

ಆ ಅಡ್ಡಹೆಸರು ಬಂದದ್ದು ಅವರ ಪುಟ್ಟ ಕಂದು ಲಕೋಟೆಗಳಿಂದ. ಒಂದು ಲಕೋಟೆಗೆ ಒಂದೇ ನಾಣ್ಯ. ಹೊರಗೆ ಪೆನ್ಸಿಲಿನಲ್ಲಿ ಇಸವಿ, ಮೂಲೆಯಲ್ಲಿ ಕ್ರಮಸಂಖ್ಯೆ, ಕೆಳಗೆ ಎರಡೇ ಮಾತಿನ ತೀರ್ಪು. ನಾಣ್ಯ ಟಂಕಸಾಲೆಯಿಂದ ಬಂದ ಹೊಳಪಿನಲ್ಲೇ ಉಳಿದಿದ್ದರೆ ‘ಮೈ ಮುಟ್ಟಿಲ್ಲ’. ಯಾರಾದರೂ ಪುಡಿ ಹಾಕಿ ಉಜ್ಜಿ ಬೆಳಗಿದ್ದರೆ ‘ಸ್ನಾನ ಆಗಿದೆ’. ಸ್ನಾನ ಆದದ್ದಕ್ಕೆ ಬೆಲೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇದು ಗೊತ್ತಿಲ್ಲದ ಹೊಸಬರು ಮನೆಯಲ್ಲಿ ಥಳಥಳ ಮಾಡಿ ತಂದು ಅವರ ಮುಂದೆ ಹೆಮ್ಮೆಯಿಂದ ಇಡುತ್ತಿದ್ದರು. “ಪಾತ್ರೆ ತಿಕ್ಕೋಕೆ ನಿಮ್ಮನ್ನ ಯಾರು ಕರೆದಿದ್ರು?” ಅನ್ನುವ ಗುಡುಗು ಹಲಗೆ ದಾಟಿ ಬರುತ್ತಿತ್ತು. ನನ್ನ ಗಿರಾಕಿಗಳು ಬೆಚ್ಚಿ ಬೀಳುತ್ತಿದ್ದರು.

ಆಮೇಲೆ ಡಬ್ಬಿಗಳು ಬಂದವು. ದೂರದ ಯಾವುದೋ ಕಂಪನಿಗೆ ನಾಣ್ಯ ಕಳಿಸಿದರೆ ಅವರು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ವಾಪಸ್ ಕಳಿಸುತ್ತಾರೆ. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವನ ಮಾತು ಅಂತ ಜನ ನಂಬಿದರು. ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಕಂಪನಿ ಹುಟ್ಟಿಕೊಂಡು, ಡಬ್ಬಿ ಬಿಚ್ಚದೆ ಹೊರಗಿನಿಂದಲೇ ನೋಡಿ, ‘ಈ ಅಂಕಕ್ಕೆ ಈ ನಾಣ್ಯ ಯೋಗ್ಯ’ ಅನ್ನಿಸಿದರೆ ಮೇಲೊಂದು ಹಸಿರು ಸ್ಟಿಕರ್ ಅಂಟಿಸತೊಡಗಿತು. ಒಂದೇ ಇಸವಿ, ಒಂದೇ ಅಂಕ, ಪಕ್ಕಪಕ್ಕದಲ್ಲಿ ಎರಡು ಡಬ್ಬಿ. ಹಸಿರು ಸ್ಟಿಕರ್ ಇದ್ದದ್ದು ಒಂದೂವರೆ ಪಟ್ಟು ಬೆಲೆಗೆ ಹೋಗುತ್ತಿತ್ತು. ಇಲ್ಲದ್ದರ ಮೇಲೆ ಸುಮ್ಮಸುಮ್ಮನೆ ಅನುಮಾನ. ಅದು ಯಾವ ತಪ್ಪೂ ಮಾಡಿರಲಿಲ್ಲ, ಪಾಪ.

“ಹುಡುಗರಿಗೊಬ್ಬ ಮೇಷ್ಟ್ರು, ಆ ಮೇಷ್ಟ್ರಿಗೊಬ್ಬ ಮೇಷ್ಟ್ರು. ನಾಳೆ ಸ್ಟಿಕರ್ ನೆಟ್ಟಗೆ ಅಂಟಿದೆ ಅಂತ ಇನ್ನೊಂದು ಸ್ಟಿಕರ್ ಬರತ್ತೆ, ನೋಡ್ತಾ ಇರಿ,” ಎಂದು ಲಕೋಟೆಯವರು ಗಿರಾಕಿಗಳನ್ನು ನಿಲ್ಲಿಸಿಕೊಂಡು ರೇಗಾಡಿದರು. “ನಾಣ್ಯ ನೋಡ್ರೀ, ಚೀಟಿ ನೋಡಬೇಡಿ.”

ಹೀಗೆ ಬೈಯುತ್ತಲೇ ಅವರೂ ಕಳಿಸತೊಡಗಿದರು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಒಳ್ಳೆಯ ನಾಣ್ಯಗಳನ್ನು ಲಕೋಟೆಯಿಂದ ತೆಗೆದು ಪಾರ್ಸೆಲ್ ಮಾಡುವರು, ಖಾಲಿ ಲಕೋಟೆಯನ್ನು ಬಾಗಿಲ ಹೊರಗಿನ ಕಸದ ಬುಟ್ಟಿಗೆ ಎಸೆಯುವರು. ಪಾರ್ಸೆಲ್ಲಿಗೆ ಟೇಪು ಮಾತ್ರ ನನ್ನ ಅಂಗಡಿಯದು. ಡಬ್ಬಿ ವಾಪಸ್ ಬಂದಾಗ ಮೊದಲು ಹಸಿರು ಇದೆಯೇ ಅಂತ ನೋಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡೂ ಕಾಣದವನಂತೆ ಇದ್ದೆ.

ಒಂದು ಬೆಳಗ್ಗೆ ಅವರ ಅಂಗಡಿಗೆ ಕಂಡಕ್ಟರ ಮಗಳು ಬಂದಳು. ಕಂಡಕ್ಟರು ಲಕೋಟೆಯವರ ಮೊದಲ ಗಿರಾಕಿ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಚೀಟಿ ಹರಿದವರು, ಬಂದ ಚಿಲ್ಲರೆಯಲ್ಲೇ ವರ್ಷಕ್ಕೊಂದರಂತೆ ನಾಣ್ಯ ಆರಿಸಿ ಆಲ್ಬಮ್ ತುಂಬಿಸಿದವರು. ಒಂದೇ ಒಂದು ಇಸವಿಯ ನಾಣ್ಯ ಅವರ ಕೈಗೆ ಸಿಕ್ಕಿರಲಿಲ್ಲ. ಆ ವರ್ಷ ಟಂಕಿಸಿದ್ದೇ ಕಡಿಮೆ. ಈಗ ಮಂಡಿ ಕೈಕೊಟ್ಟು ಮನೆಯಲ್ಲೇ ಇದ್ದಾರೆ. ಮಗಳು ಪರದೆ, ದಿಂಬಿನ ಕವರು ಹೊಲಿದು ಮನೆ ನಡೆಸುತ್ತಾಳೆ.

“ಮಾಮಾ, ಹೋದ ವರ್ಷ ನಾಣ್ಯದ ಮೇಳದಲ್ಲಿ ಅಪ್ಪನಿಗೆ ಅಂತ ಇದನ್ನ ತಗೊಂಡೆ. ಮಾರ್ತಿದ್ದೋರು ಯಾರೋ ಹೊಸಬರು. ಆದ್ರೆ ನಿಮ್ಮ ಲಕೋಟೆ ಇತ್ತಲ್ಲ, ಕಣ್ಣು ಮುಚ್ಕೊಂಡು ದುಡ್ಡು ಕೊಟ್ಟೆ. ಮುಂದಿನ ತಿಂಗಳು ಕಳೆದ್ರೆ ಅಪ್ಪನಿಗೆ ಎಪ್ಪತ್ತೈದು. ಅಷ್ಟರಲ್ಲಿ ಇದಕ್ಕೊಂದು ಡಬ್ಬಿ, ಹಸಿರು ಸ್ಟಿಕರ್ ಎಲ್ಲಾ ಮಾಡಿಸಿಕೊಡ್ತೀರಾ? ಅಪ್ಪನಿಗೆ ಗೊತ್ತಾಗದ ಹಾಗೆ ಅವರ ಆಲ್ಬಮ್ಮಿಂದ ತೆಗೆದು ತಂದಿದ್ದೀನಿ.”

ಆ ಕಡೆ ಮೇಜಿನ ದೀಪದ ಸ್ವಿಚ್ಚು ಒತ್ತಿದ ಸದ್ದಾಯಿತು. ಲಕೋಟೆಯವರು ದನಿ ಇಳಿಸಿದರೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. “ಎರಡು ತಿಂಗಳು ಬೇಕಾಗತ್ತಮ್ಮ. ಇಟ್ಟು ಹೋಗು,” ಎಂದರು, ತುಂಬ ಮೆತ್ತಗೆ.

ಅವಳು ಹೋದ ಮೇಲೆ ಹಲಗೆ ಬಡಿದು ನನ್ನನ್ನು ಕರೆದರು. ಮೇಜಿನ ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ ತೋರಿಸಿದರು. ಮಸೂರದಲ್ಲಿ ನೋಡಿದರೆ ಮೈತುಂಬ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು. ಅಪ್ಪಟ ಸ್ನಾನ. ಲಕೋಟೆಯ ಮೇಲೆ ಮಾತ್ರ ಅವರದೇ ಅಕ್ಷರ: ‘ಮೈ ಮುಟ್ಟಿಲ್ಲ’.

ಅವರು ಗಾಜಿನ ಕಪಾಟಿನಿಂದ ಹಸಿರು ಸ್ಟಿಕರಿನ ಡಬ್ಬಿಯೊಂದನ್ನು ತಂದು ಪಕ್ಕದಲ್ಲಿಟ್ಟರು. ಅದೇ ಇಸವಿ. ಅಂಗಡಿಯಲ್ಲಿ ಅದಕ್ಕಿಂತ ದುಬಾರಿಯದು ಇನ್ನೊಂದಿರಲಿಲ್ಲ. ಮಾರಿದರೆ ಎಂಟು ತಿಂಗಳ ಬಾಡಿಗೆ ಕಳೆಯುತ್ತಿತ್ತು. “ಈ ಲಕೋಟೆ ಇದರದ್ದು. ನಂಬರ್ ನೆನಪಿದೆ. ಇದನ್ನ ಡಬ್ಬಿಗೆ ಕಳಿಸಿದಾಗ ಬುಟ್ಟಿಗೆ ಹಾಕಿದ್ದೆ. ಯಾವನೋ ಖಾಲಿ ಲಕೋಟೆ ಆರಿಸ್ಕೊಂಡು ಹೋಗಿ ಅದರೊಳಗೆ ದರಿದ್ರದ್ದು ತುಂಬಿ ಮಾರಿದ್ದಾನೆ.”

ಚೀಟಿ ನೋಡಬೇಡಿ ಎಂದು ಇಷ್ಟು ವರ್ಷ ಕೂಗಿದ ಮನುಷ್ಯನ ಕೈಬರಹವೇ ಊರಿನಲ್ಲಿ ಎಲ್ಲಕ್ಕಿಂತ ಹಳೆಯ ಸ್ಟಿಕರ್ ಆಗಿತ್ತು. ನಾನು ನಗಬೇಕು ಅಂದುಕೊಂಡೆ, ಅವರ ಮುಖ ನೋಡಿ ನಗು ಬರಲಿಲ್ಲ.

“ನಿಜ ಹೇಳಿಬಿಡಿ,” ಎಂದೆ.

“ಹೇಳಿದ್ರೆ ಆ ಹುಡುಗಿ ಮೋಸ ಹೋಗಿದ್ದು ಅವಳಿಗೆ ಗೊತ್ತಾಗತ್ತೆ. ನಾಳೆ ಪೇಟೆಗೂ ಗೊತ್ತಾಗತ್ತೆ. ಆಮೇಲೆ ನಾನು ಇದುವರೆಗೆ ಬರೆದುಕೊಟ್ಟ ಒಂದೊಂದು ಲಕೋಟೆನೂ ಸುಳ್ಳೇ. ಯಾರ ಮನೆಗೆ ಅಂತ ಹೋಗಿ ಸಮಜಾಯಿಷಿ ಕೊಡ್ಲಿ?”

ಅಂದಿನಿಂದ ಅವರು ಖಾಲಿ ಲಕೋಟೆಯನ್ನು ನಾಲ್ಕು ಚೂರು ಮಾಡದೆ ಬುಟ್ಟಿಗೆ ಹಾಕಿಲ್ಲ. ಅವಳ ನಾಣ್ಯವನ್ನು ಕಂಪನಿಗೆ ಕಳಿಸಲೂ ಇಲ್ಲ. ಎರಡು ತಿಂಗಳು ಸುಮ್ಮನೆ ಕಾದು, ಕಪಾಟಿನ ಡಬ್ಬಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಕಂಡಕ್ಟರ ಮನೆಗೆ ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದರು.

ಕಂಡಕ್ಟರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು, ಕಾಲು ಸ್ಟೂಲಿನ ಮೇಲೆ. ಮಗಳು ಸಂಭ್ರಮದಿಂದ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು, “ನೋಡಪ್ಪ, ಹಸಿರು ಸ್ಟಿಕರ್ರೂ ಬಂದಿದೆ!” ಎಂದಳು. ಅವರು “ಭೇಷ್ ಕಣಮ್ಮ,” ಎಂದರು. ಅವಳು ಕಾಫಿಗೆಂದು ಒಳಗೆ ಹೋದಳು. ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿದರು. ಬಹಳ ಹೊತ್ತು ವಾಲಿಸಿದರು.

“ಇದು ನನ್ನದಲ್ಲ,” ಎಂದರು, ದನಿ ತಗ್ಗಿಸಿ. “ನನ್ನದಕ್ಕೆ ಸ್ನಾನ ಆಗಿತ್ತು.”

ಲಕೋಟೆಯವರ ಕೈ ಇನ್ನೊಂದು ಜೇಬನ್ನು ಮುಟ್ಟಿ ನೋಡಿಕೊಂಡಿತು.

“ತಂದ ದಿನಾನೇ ನೋಡಿದೆ. ಲಕೋಟೆ ಮೇಲೆ ನಿಮ್ಮ ಅಕ್ಷರ, ಒಳಗೆ ಅಂಥ ನಾಣ್ಯ. ನಿಮ್ಮ ಕಣ್ಣು ಹೋಗಿದೆ ಅಂದ್ಕೊಂಡೆ. ಒಂದು ವರ್ಷದಿಂದ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಲಕೋಟೆಯವರಿಗೆ ಕಾಣ್ಸಲ್ಲ ಅಂತ ಗೊತ್ತಾದ್ರೆ ನಿಮ್ಮ ಅಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ?” ಆಮೇಲೆ ನನ್ನ ಕಡೆ ತಿರುಗಿದರು. “ನೀವು ಕನ್ನಡಕದವರು ಅಲ್ವಾ? ನಿಜ ಹೇಳಿ. ಇವರಿಗೆ ಕಾಣತ್ತಾ?”

“ಚೆನ್ನಾಗೇ ಕಾಣತ್ತೆ ಸರ್,” ಎಂದೆ.

ಲಕೋಟೆಯವರು ನೆಲ ನೋಡುತ್ತ ಎಲ್ಲವನ್ನೂ ಹೇಳಿದರು: ಡಬ್ಬಿ, ಬುಟ್ಟಿ, ಆರಿಸಿಕೊಂಡು ಹೋದವನು. ಕೇಳಿ ಮುಗಿಸಿದ ಕಂಡಕ್ಟರು ಡಬ್ಬಿಯನ್ನು ಅವರ ಅಂಗೈಗೆ ಒತ್ತಿದರು. “ಇದನ್ನ ನೀವೇ ಇಟ್ಕೊಳ್ಳಿ. ನನ್ನ ಮಗಳು ಪರದೆ ಹೊಲಿದು ತಂದಿದ್ದು ಯಾವುದೋ, ಅದನ್ನ ಕೊಡಿ. ಡಬ್ಬಿಯೊಳಗಿದ್ರೆ ಕೈಲಿ ಮುಟ್ಟೋಕಾಗಲ್ಲ, ಅದಕ್ಕೇ ಒಡೆಸಿ ತೆಗೆಸಿದೆ ಅಂತ ಅವಳಿಗೆ ನಾನು ಹೇಳ್ಕೊತೀನಿ.”

ಲಕೋಟೆಯವರು ಇನ್ನೊಂದು ಜೇಬಿನಿಂದ ಹಳೆಯ ಲಕೋಟೆ ತೆಗೆದರು. ಕೊಡುವ ಮೊದಲು, ವರ್ಷಗಳ ಅಭ್ಯಾಸಕ್ಕೆ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅದರ ತುದಿಯ ರಬ್ಬರನ್ನು ಆ ಎರಡು ಮಾತಿನ ಮೇಲೆ ಇಟ್ಟರು.

ಕಂಡಕ್ಟರು ಅವರ ಕೈ ಹಿಡಿದರು. ಒಳಗಿನಿಂದ ಲೋಟಗಳ ಸದ್ದು ಹತ್ತಿರವಾಗುತ್ತಿತ್ತು.

“ಹಾಗೇ ಇರ್ಲಿ ಬಿಡಿ,” ಎಂದರು. “ಅವಳು ಓದ್ತಾಳೆ.”