ಸೋತರೆ ನಗುವ ಬೀಗದ ಸಾಹೇಬರು

ನಮ್ಮ ಬೀದಿಯ ಬೀಗದ ಸಾಹೇಬರು ಬಾಗಿಲಿನೊಡನೆ ಆಡುವಷ್ಟು ಮಾತು ಮನುಷ್ಯರೊಡನೆ ಆಡುವುದಿಲ್ಲ. ಬಾಗಿಲು ಕಿರುಗುಟ್ಟಿದರೆ "ಏನಮ್ಮಾ, ಮೈಕೈ ನೋವಾ?" ಎಂದು ಎಣ್ಣೆ ಬಿಡುತ್ತಾರೆ. ತುಕ್ಕು ಹಿಡಿದ ಬೀಗ ಅವರನ್ನು ಕಂಡರೆ ತಾನಾಗಿ ಬಾಯಿ ಬಿಡುತ್ತದೆಂದು ನಾವೆಲ್ಲ ನಂಬಿದ್ದೇವೆ. ಹೊಸ ಬೀಗ ಕೂರಿಸಿದ ಮೇಲೆ ಮನೆಯವರನ್ನು ಒಳಗೇ ನಿಲ್ಲಿಸಿ, ತಾವು ಹೊರಗೆ ನಿಂತು, ಚೀಲದಲ್ಲಿರುವ ಕಡ್ಡಿ ಕೊಕ್ಕೆಗಳನ್ನೆಲ್ಲ ತೂರಿಸಿ ಅದನ್ನು ತೆರೆಯಲು ಒದ್ದಾಡುತ್ತಾರೆ. ಸೋತರೆ ಮಾತ್ರ ಮುಖ ಅರಳುತ್ತದೆ: "ನನ್ನ ಕೈಲೇ ಆಗ್ಲಿಲ್ಲ, ಇನ್ಯಾರ ಕೈಲಾಗತ್ತೆ!" ಗಲಭೆಯ ಸುದ್ದಿ ಹಬ್ಬಿದ ವಾರ ನಮ್ಮವರೆಲ್ಲ ಮುಸ್ಲಿಮರ ಭಯಕ್ಕೆ ಗಟ್ಟಿ ಬೀಗ ಹಾಕಿಸಿಕೊಂಡರು. ಹಾಕಿಕೊಟ್ಟ ಸಾಹೇಬರೂ ಮುಸ್ಲಿಮರೇ ಎಂಬುದು ಯಾರಿಗೂ ಹೊಳೆಯಲೇ ಇಲ್ಲ. ಹೊಳೆದದ್ದು ಎದುರುಮನೆಯ ಅಜ್ಜಿಗೆ ಮಾತ್ರ. "ನಿಮ್ಮೋರು ನುಗ್ಗಿಬಿಟ್ರೆ ಅಂತ ಹೆದರಿಕೆ ಕಣಪ್ಪಾ" ಎಂದು, ತಮ್ಮ ಬಾಗಿಲಿಗೆ ಬೀಗ ಕೂರಿಸಿದ ಸಾಹೇಬರ ಮುಖಕ್ಕೇ ಹೇಳಿದರು. "ಹೆದರ್ಬೇಡಿ ಅಮ್ಮಾ, ಮೊದಲು ನಾನೇ ನುಗ್ಗಿ ನೋಡ್ತೀನಿ" ಎಂದ ಸಾಹೇಬರು ಹೊರಗೆ ನಿಂತು ಬೆವರು ಸುರಿಸಿದರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಆಗ ಪಕ್ಕದ ಕಿಟಕಿಯಿಂದ ಅಜ್ಜಿಯ ಕೈ ಹೊರಗೆ ಬಂತು, ಅದರಲ್ಲಿ ಹೊಸ ಬೀಗದ ಇನ್ನೊಂದು ಕೀಲಿಕೈ: "ಇದು ನಿನ್ನ ಹತ್ರಾನೇ ಇರ್ಲಿ. ನಾನು ಒಳಗೆ ಬಿದ್ದುಗಿದ್ದು ಹೋದ್ರೆ ಯಾರಾದ್ರೂ ಬರ್ಬೇಕಲ್ಲ." ಎರಡೂ ಕೈಯೊಡ್ಡಿ ಅದನ್ನು ಪಡೆದ ಸಾಹೇಬರು ಬಾಗಿಲಿನ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನಮ್ಮಾ?" ಎಂದರು.