ಮಾರ್ಚ್, ಏಪ್ರಿಲ್ ಎಲ್ಲಿ ಹೋದವು?

ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ. ಆಗಷ್ಟೇ ಬೆಳಕು ಹರಿಯುತ್ತಿದೆ. ದಕ್ಷಿಣ ಸ್ವೀಡನ್ನಿನ ತೊರೆಯೊಂದರಲ್ಲಿ ಮೊಣಕಾಲುದ್ದದ ಬೂಟು ತೊಟ್ಟು ನಿಂತಿದ್ದಾರೆ ಪದ್ಮಿನಿ. ಅಂಚಿನ ಮಂಜುಗಡ್ಡೆಯನ್ನು ಹಿಮ್ಮಡಿಯಿಂದ ಒಡೆದು, ಬಾಟಲಿಯನ್ನು ಮೂರು ಸಲ ಜಾಲಾಡಿ, ನಾಲ್ಕನೆಯ ಸಲ ನೀರು ತುಂಬಿಸುತ್ತಾರೆ. ಮೇಲ್ಗಡೆ ಮುಚ್ಚಿಹೋದ ಕಲ್ಲಿದ್ದಲ ಗಣಿ. ಅದರಡಿಯ ಜೇಡಿಮಣ್ಣು ಬೇಕೆಂದು ಕಂಪನಿಯೊಂದು ಬಂದಿದೆ. ಸುರಂಗದಲ್ಲಿ ನಿಂತ ನೀರನ್ನು ಇದೇ ತೊರೆಗೆ ಬಿಡಲು ಅದಕ್ಕೆ ಪರಿಸರ ನ್ಯಾಯಾಲಯದ ಪರವಾನಗಿ ಬೇಕು. ಕೆಳಗಿನ ಹಳ್ಳಿಯ ಬಾವಿಗಳಿಗೆ ಈ ತೊರೆಯೇ ಆಸರೆ.

ದಾವಣಗೆರೆಯ ಪದ್ಮಿನಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಪತಿ ಗಂಗಾಧರರ ಕೆಲಸಕ್ಕಾಗಿ ಇಲ್ಲಿಗೆ ಬಂದಾಗ ಆ ಪದವಿಯನ್ನು ಕೇಳುವವರಿರಲಿಲ್ಲ. ನಾಲ್ಕು ವರ್ಷ ಇಲ್ಲಿನವರು ಡಾಗಿಸ್ ಎನ್ನುವ ಶಿಶುವಿಹಾರವೊಂದರ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದರು, ಸ್ವೀಡಿಷ್ ಕಲಿತರು. ಈಗ ಯೋನ್‌ಶೋಪಿಂಗ್‌ನ ಪ್ರಯೋಗಾಲಯವೊಂದಕ್ಕೆ ಪರೀಕ್ಷೆಗೆಂದು ತಿಂಗಳಿಗೆ ಅರವತ್ತು ಬಾಟಲಿ ನೀರು ತರುತ್ತಾರೆ. ಕಂಪನಿಗಾಗಿ ಈ ತೊರೆಯ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿದ್ದುದೂ ಅದೇ ಪ್ರಯೋಗಾಲಯ.

ಕಳೆದ ಅಕ್ಟೋಬರಿನಲ್ಲಿ ಲಿಂಕೋಪಿಂಗ್‌ನಲ್ಲಿ ಕಾನೂನು ಓದುವ ಮಗಳು ಅಹನಾ ಫೋನ್ ಮಾಡಿದಳು. ತರಗತಿಯ ಕೆಲಸಕ್ಕೆಂದು ಅವಳು ಈ ಪರವಾನಗಿಯ ಮೊಕದ್ದಮೆಯ ಕಡತ ತರಿಸಿಕೊಂಡಿದ್ದಳು.

"ಅಮ್ಮಾ, ನೀರಿನ ರಿಪೋರ್ಟ್ ಕೆಳಗೆ ನಿನ್ ಸೈನ್ ಇದೆ. ಆದ್ರೆ ಹತ್ತೇ ತಿಂಗಳಿದೆಯಲ್ಲ, ಮಾರ್ಚ್, ಏಪ್ರಿಲ್ ಎಲ್ಲಿ?"

ವರದಿಯಲ್ಲಿದ್ದುದು, ಕಂಪನಿ ಸುರಂಗದ ನೀರನ್ನು ಪ್ರಾಯೋಗಿಕವಾಗಿ ತೊರೆಗೆ ಬಿಟ್ಟ ಹಿಂದಿನ ವರ್ಷ. ಹಿಮ ಕರಗಿದ ಆ ಎರಡು ತಿಂಗಳಲ್ಲಿ ನಿಕ್ಕಲ್ ಮಿತಿಗಿಂತ ಆರು ಪಟ್ಟು ಹೆಚ್ಚಿತ್ತು. ಪದ್ಮಿನಿ ತಮ್ಮ ಟಿಪ್ಪಣಿ ಪುಸ್ತಕ ತೆಗೆದು ನೋಡಿದರು; ಹನ್ನೆರಡೂ ತಿಂಗಳು ಅದರಲ್ಲಿದ್ದವು.

"ಯಾರೋ ನನ್ ಹೆಸರಲ್ಲೇ ಕಳ್ಳತನ ಮಾಡಿದ್ರು" ಎನ್ನುತ್ತಾರೆ ಅವರು. "ಅದೇ ನೀರನ್ನ ಅಲ್ಲಿ ಮಕ್ಕಳು ಕುಡೀತಾರಲ್ರೀ!"

ಮರುದಿನ ಪ್ರಯೋಗಾಲಯದ ಮೇಲಧಿಕಾರಿಯನ್ನು ಕೇಳಿದರೆ, "ನಾವು ಹನ್ನೆರಡೂ ತಿಂಗಳದ್ದು ಕೊಟ್ಟಿದ್ದೇವೆ, ಮುಂದಿನದು ಗ್ರಾಹಕ ಕಂಪನಿಗೆ ಬಿಟ್ಟದ್ದು" ಎಂದು ಕಾಫಿ ಹೀರಿದರಂತೆ. ಪದ್ಮಿನಿ ಅಂದೇ ನ್ಯಾಯಾಲಯಕ್ಕೆ ಪತ್ರ ಬರೆದರು. ಸಾಕ್ಷಿ ಹೇಳಲು ಕರೆ ಬಂತು.

"ನಿಮ್ಮ ಬಾಟಲಿಯೇ ಕೊಳಕಾಗಿದ್ದಿರಬಹುದಲ್ಲ?" ಕಂಪನಿಯ ವಕೀಲರು ನಗುತ್ತಲೇ ಕೇಳಿದರು.

"ಪ್ರತಿ ಸಲ ಒಂದು ಬಾಟಲಿಗೆ ಶುದ್ಧ ನೀರು ತುಂಬಿಸಿ, ಅದನ್ನೂ ಜೊತೆಗೇ ಪರೀಕ್ಷಿಸುತ್ತೇವೆ. ಆ ಎರಡು ತಿಂಗಳೂ ಅದರಲ್ಲಿ ನಿಕ್ಕಲ್ ಇರಲಿಲ್ಲ."

ಫೆಬ್ರವರಿಯಲ್ಲಿ ಪರವಾನಗಿ ತಿರಸ್ಕೃತವಾಯಿತು. ಕಂಪನಿ ಮೇಲ್ಮನವಿ ಹಾಕಿದೆ. ಆ ಪರೀಕ್ಷೆಗಳ ಗುತ್ತಿಗೆಯನ್ನೂ ಬೇರೆಯವರಿಗೆ ಕೊಟ್ಟಿದೆ. ಈಗ ತಮ್ಮದೇ ಖರ್ಚಿನಲ್ಲಿ ಪದ್ಮಿನಿಯನ್ನು ಇಲ್ಲಿಗೆ ಕಳಿಸುತ್ತಿರುವುದು ಕೆಳಗಿನ ಹಳ್ಳಿಯವರೇ.

ಬಾಟಲಿಯ ಮೇಲೆ ದಿನಾಂಕ ಬರೆದು ಅವರು ದಡಕ್ಕೆ ಬರುತ್ತಾರೆ. ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಮುಜುಗರಪಡುತ್ತಾರೆ.

"ಧೈರ್ಯ ಏನ್ ಬಂತು? ನಾನು ಹನ್ನೆರಡು ಸಲ ನೀರಿಗಿಳಿದಿದ್ದೆ. ಹನ್ನೆರಡು ಅಂತ ಹೇಳ್ದೆ, ಅಷ್ಟೇ."