ಗೇಟಿನ ದೇವಲಪ್ಪನ ಕ್ರಿಯಾವಿಶೇಷಣ

ಗೋವಾದ ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ತಗಡಿನ ಡಬ್ಬಿ ತಯಾರಿಸುವ ಒಂದು ಕಾರ್ಖಾನೆಯಿತ್ತು. ಅದರ ಗೇಟು ಕಾಯುತ್ತಿದ್ದ ದೇವಲಪ್ಪನ ದನಿ ಎಂಥದ್ದೆಂದರೆ, ಅವನು ಗೇಟಿನಲ್ಲಿ ಕೆಮ್ಮಿದರೆ ಹಿಂದಿನ ಗೋದಾಮಿನಲ್ಲಿ ಹಮಾಲರು ಬೀಡಿ ಆರಿಸುತ್ತಿದ್ದರು. ಬಿಜಾಪುರದ ಕಡೆಯ ಬಯಲಿನಲ್ಲಿ ಹುಟ್ಟಿದವನು. ನಾಲ್ಕು ಹೊಲದಾಚೆ ಹೋದ ಎತ್ತನ್ನೂ ಎತ್ತಿನ ಹಿಂದೆ ಹೋದ ಅಣ್ಣನನ್ನೂ ಒಂದೇ ಕೂಗಿಗೆ ತಿರುಗಿಸಬೇಕಾದ ಸೀಮೆ ಅದು. ಗೋವಾಕ್ಕೆ ಬಂದು ತಲೆಗೂದಲು ಬೆಳ್ಳಗಾದರೂ ಗಂಟಲು ಮಾತ್ರ ಊರಿನದೇ ಉಳಿದಿತ್ತು. ಮನುಷ್ಯ ಬೆಣ್ಣೆಯಂಥವನು, ಸುಳ್ಳಲ್ಲ. ಆದರೆ ಗೇಟಿನ ಮುಂದೆ ನಿಂತವರಿಗೆ ಅದು ಹೇಗೆ ತಿಳಿಯಬೇಕು?

ದೇವಲಪ್ಪನಿಗೆ ಇಂಗ್ಲಿಷೂ ಬರುತ್ತಿತ್ತು. ಸ್ಟಾಪ್, ಕಮ್, ಸಿಟ್, ಸೈನ್, ಗೋ. ಗೇಟಿನ ಸಂಸಾರಕ್ಕೆ ಇಷ್ಟು ಸಾಕಾಗಿತ್ತು. 2005ರ ಮಳೆಗಾಲ ಮುಗಿಯುತ್ತಿದ್ದಾಗ ಮುಂಬಯಿಯಿಂದ ಡಬ್ಬಿ ಕೊಳ್ಳುವ ಕಂಪನಿಯ ಮೇಡಂ ಒಬ್ಬರು ಬಂದರು. ದೇವಲಪ್ಪ ಈ ಐದೂ ಮಾತುಗಳನ್ನು ಒಂದರ ಹಿಂದೊಂದು ಅವರ ಮೇಲೆ ಎಸೆದ. ಮೇಡಂ ನಿಂತರು, ಬಂದರು, ಕೂತರು, ಸಹಿ ಮಾಡಿದರು, ಒಳಗೆ ಹೋದವರೇ ಮ್ಯಾನೇಜರರ ಮುಂದೆ ತಮ್ಮನ್ನು ಕುರಿ ತರುಬಿದಂತೆ ತರುಬಿದರೆಂದು ಹೇಳಿದರು. ಮ್ಯಾನೇಜರು ದೇವಲಪ್ಪನನ್ನು ಕರೆಸಿದರು. ತಿಂಗಳ ಕೊನೆಗೆ ಮೇಡಂ ಮತ್ತೆ ಬರುತ್ತಾರೆ, ಆಗಲೂ ಇದೇ ದೂರು ಬಂದರೆ ಗೇಟಿಗೆ ಬೇರೆಯವನು ಬರುತ್ತಾನೆ ಎಂದರು.

ದೇವಲಪ್ಪ ಲೆಕ್ಕ ಹಾಕಿದ. ಗೇಟು ಹೋದರೆ ಕಂಪನಿ ಕೊಟ್ಟ ಖೋಲಿಯೂ ಹೋಗುತ್ತದೆ. ಹೆಂಡತಿ ಸಾವಂತ್ರೆವ್ವನನ್ನು ಕರೆದುಕೊಂಡು ಯಾವ ಮರದ ಕೆಳಗೆ ಕೂಡುವುದು? ಅವಳಿಗೆ ಒಂದು ಮಾತೂ ಹೇಳದೆ ಅವನು ಪರ್ಸನೆಲ್ ಆಫೀಸಿನ ರಘುವೀರ ಸಾಹೇಬರ ಕಾಲು ಹಿಡಿದ.

ರಘುವೀರ ಸಾಹೇಬರು ಧಾರವಾಡದವರು. ವ್ಯಾಕರಣವೆಂದರೆ ಊಟ ಬಿಟ್ಟು ಏಳುವ ಜಾತಿ. ಚಹಾದ ಹೊತ್ತಿಗೆ ಗೇಟಿನ ಬೆಂಚಿನ ಮೇಲೆ ಕೂತು ರೋಗ ಯಾವುದೆಂದು ಹೇಳಿಯೇಬಿಟ್ಟರು.

"ನಿನ್ನ ಇಂಗ್ಲಿಷ್‌ನಾಗ ಬರೇ ಕ್ರಿಯಾಪದ ಅವ, ದೇವಲಪ್ಪ. ಒಣಾ ರೊಟ್ಟಿ ಕೈಯಾಗ ಕೊಟ್ಟಂಗ. ಪಲ್ಯಾ ಬೇಕೋ ಬ್ಯಾಡೋ? ಆ ಪಲ್ಯಾನ ಆ್ಯಡ್‌ವರ್ಬು."

ಕ್ರಿಯಾಪದವನ್ನು ತಡೆದು ನಿಲ್ಲಿಸಿ ಹೇಗೆ, ಯಾವಾಗ, ಎಲ್ಲಿ, ಎಷ್ಟು ಸಲ ಎಂದು ಕೇಳಬೇಕು. ಅದು ಕೊಡುವ ಉತ್ತರವೇ ಆ್ಯಡ್‌ವರ್ಬ್ ಎಂದು ಅವರು ವಿವರಿಸಿದರು. ಬಂದ ಅಂದರೆ, ಹೇಗೆ ಬಂದ? ಸ್ಲೋಲಿ. ಯಾವಾಗ? ಟುಡೇ. ಎಲ್ಲಿಗೆ? ಹಿಯರ್. ದೇವಲಪ್ಪನ ಮುಖ ಅರಳಿತು. ಇವು ತಾನು ದಿನಾ ಲಾರಿ ಡ್ರೈವರುಗಳಿಗೆ ಕೇಳುವ ಪ್ರಶ್ನೆಗಳೇ ಅಲ್ಲವೇ? ವ್ಯಾಕರಣವೆಂದರೆ ಇಂಗ್ಲಿಷಿನ ವಾಚ್‌ಮನ್ ಕೆಲಸ ಎಂದು ತಿಳಿದು ಅವನಿಗೆ ಅರ್ಧ ಧೈರ್ಯ ಬಂತು.

ಆ ಅರ್ಧವೂ ಮರುದಿನವೇ ಹೋಯಿತು. ಗ್ರೀಸು ಮಾರುವ ಒಬ್ಬ ಬಡಪಾಯಿ ಗೇಟಿಗೆ ಬಂದ. ದೇವಲಪ್ಪ ಎದೆ ತುಂಬ ಉಸಿರು ತುಂಬಿಕೊಂಡು, "ಸ್ಲೋಲೀ ಕಮ್! ಪೊಲೈಟ್ಲೀ ಸೈನ್!" ಎಂದು ಗುಡುಗಿದ. ಆ ಮನುಷ್ಯ ಕೈ ಅರ್ಧ ಮೇಲೆತ್ತಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದು, ನಮಸ್ಕಾರ ಮಾಡಿ ಸಹಿ ಹಾಕಿದ. ರಘುವೀರ ಸಾಹೇಬರು ಕಿಟಕಿಯಿಂದ ನೋಡಿ ಹಣೆ ಹಣೆ ಬಡಿದುಕೊಂಡರು.

"ಅದನ್ನ ಬಂದವರಿಗೆ ಹಚ್ಚೂದಲ್ಲೋ ಮಾರಾಯಾ, ನಿನ್ನ ಗಂಟಲಕ್ಕ ಹಚ್ಕೊಳ್ಳೂದು. ಮನ್ಯಾಗ ದಿನಾ ರೂಢಿ ಮಾಡು. ಮೆತ್ತಗ, ಮರ್ಯಾದಿಲೆ."

ಮನೆಯಲ್ಲಿ ರೂಢಿ ಮಾಡಲು ಸಾವಂತ್ರೆವ್ವನ ಹೊರತು ಯಾರಿದ್ದರು? ಮದುವೆಯಾದಾಗಿನಿಂದ ಅವಳನ್ನು ಅವನು ಹೆಸರು ಹಿಡಿದು ಕರೆದವನಲ್ಲ. 'ಏ', 'ಎಲ್ಲದೀ', 'ಕೇಳ್ತಿಲ್ಲೋ', ಇವೇ ಅವಳ ಹೆಸರುಗಳಾಗಿದ್ದವು. ಆ ಸಂಜೆ ದೇವಲಪ್ಪ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಗಂಟಲು ಸರಿಮಾಡಿಕೊಂಡು, ಬೆಕ್ಕಿಗೆ ಮಾತ್ರ ಕೇಳಿಸುವಂಥ ದನಿಯಲ್ಲಿ ಹೇಳಿದ:

"ಸಾವಂತ್ರೆವ್ವಾ, ಒಂದೀಟು ನೀರು ಕೊಡ್ತೀ ಏನು?"

ಒಳಗೆ ತಂಬಿಗೆ ಬಿದ್ದ ಸದ್ದಾಯಿತು. ಸಾವಂತ್ರೆವ್ವ ಓಡಿ ಬಂದು ಮೊದಲು ಗಂಡನ ಹಣೆ ಮುಟ್ಟಿದಳು, ಆಮೇಲೆ ಬಾಯಿ ಮೂಸಿದಳು. ಜ್ವರವೂ ಇಲ್ಲ, ಸೆರೆಯೂ ಇಲ್ಲ. ಎರಡೂ ಇಲ್ಲವೆಂದ ಮೇಲೆ ಅವಳಿಗೆ ನಿಜವಾದ ಹೆದರಿಕೆ ಹುಟ್ಟಿತು. ಮರುದಿನವೂ ಅದೇ ದನಿ. ಪಕ್ಕದ ಖೋಲಿಯ ಹೇಮಿಬಾಯಿ, ತನ್ನ ತಂಗಿಯ ಗಂಡನೂ ಇನ್ನೊಬ್ಬಳನ್ನು ಮಾಡಿಕೊಳ್ಳುವ ಮುಂಚೆ ಹೀಗೇ ಸಕ್ಕರೆಯಾಗಿದ್ದ ಎಂದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಳು. ಸಾವಂತ್ರೆವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗಂಡ ಕೆಮ್ಮಿದ್ದೂ ಮೆತ್ತಗೆ! ಅವಳು ಎಸ್‌ಟಿಡಿ ಬೂತಿಗೆ ಹೋಗಿ ವಾಳಪೈಯಲ್ಲಿದ್ದ ಅಣ್ಣ ಲಕ್ಷ್ಮಪ್ಪನಿಗೆ ಫೋನು ಮಾಡಿದಳು.

ಲಕ್ಷ್ಮಪ್ಪ ಭಾನುವಾರದ ಬಸ್ಸಿಗೆ ಮೀಸೆ ತಿರುವುತ್ತ ಬಂದಿಳಿದ. ತಂಗಿಯ ಗಂಡನನ್ನು ಗೋಡೆಗೆ ಆನಿಸಿ ಕೂರಿಸಿ ವಿಚಾರಣೆ ಶುರುಮಾಡಿದ. ಹೀಗಾದದ್ದು ಯಾವಾಗಿನಿಂದ? ಎಲ್ಲಿಗೆ ಹೋಗುತ್ತಿದ್ದೀ? ಎಷ್ಟು ಸಲ ಹೋಗಿದ್ದೀ? ದೇವಲಪ್ಪನಿಗೆ ಆ ಕಷ್ಟದಲ್ಲೂ ಒಂದು ಕ್ಷಣ ಸಂತೋಷವಾಯಿತು; ಬಂದವೆಲ್ಲ ಆ್ಯಡ್‌ವರ್ಬಿನ ಪ್ರಶ್ನೆಗಳೇ. ಆದರೆ ಮೂಲೆಯಲ್ಲಿ ಸೆರಗು ಬಾಯಿಗೊತ್ತಿ ಕೂತ ಹೆಂಡತಿಯನ್ನು ನೋಡಿದ್ದೇ ಕಟ್ಟೆ ಒಡೆಯಿತು.

"ನನ್ನ ನೌಕರಿ ಹೋಗೂದೈತಿ! ಅದಕ್ಕ ಮೆತ್ತಗ ಮಾತಾಡೂದು ಕಲ್ಯಾಕತ್ತೇನಿ!"

ಮೇಲಿನ ತಗಡು ನಡುಗಿತು. ಇಡೀ ಚಾಳಿಗೆ ವಿಷಯ ತಿಳಿಯಿತು. ಸಾವಂತ್ರೆವ್ವ ಕಣ್ಣು ಒರೆಸಿಕೊಂಡು, ಗಂಡ ಗಂಡನಾಗಿಯೇ ಇದ್ದಾನೆಂದು ಸಮಾಧಾನಪಟ್ಟಳು. ಇಷ್ಟು ದೊಡ್ಡ ಸಂಗತಿ ತನಗೆ ಹೇಳಲಿಲ್ಲವೆಂದು ಚೆನ್ನಾಗಿ ಬೈದಳು, ಆಮೇಲೆ ಇಬ್ಬರಿಗೂ ರೊಟ್ಟಿ ಬಡಿದು ಹಾಕಿದಳು. ಹೊರಡುವಾಗ ಲಕ್ಷ್ಮಪ್ಪ, ನೌಕರಿಗೆ ಇಷ್ಟು ಕಷ್ಟವಿದೆಯೆಂದು ತನಗೆ ತಿಳಿದಿರಲಿಲ್ಲ ಎಂದ.

ಸೋಮವಾರ ಮೇಡಂ ಕಾರು ಗೇಟಿಗೆ ಬಂತು. ದೇವಲಪ್ಪನ ಬಾಯಿಂದ 'ಸ್ಟಾ' ಎಂಬಷ್ಟು ಹೊರಬಿತ್ತು, ಉಳಿದದ್ದನ್ನು ನುಂಗಿದ. ರಘುವೀರ ಸಾಹೇಬರು ಕಲಿಸಿದ ಪಾಠವೆಲ್ಲ ಹಾರಿಹೋಗಿತ್ತು. ನೆನಪಿನಲ್ಲಿ ಉಳಿದದ್ದು ಹೊಸ್ತಿಲಲ್ಲಿ ನೀರು ಕೇಳಿದ ದನಿಯೊಂದೇ. ಅದೇ ದನಿಯಲ್ಲಿ, "ಮೇಡಂ, ಪ್ಲೀಸ್ ಸೈನ್... ಸ್ಲೋಲಿ" ಎಂದ. ಮೇಡಂ ಅವನನ್ನು ನೋಡಿದರು, ಪೆನ್ನನ್ನು ನೋಡಿದರು, ನಿಜವಾಗಿಯೂ ನಿಧಾನವಾಗಿ ಸಹಿ ಮಾಡಿದರು. ಒಳಗೆ ಹೋಗಿ, ಹೊಸ ವಾಚ್‌ಮನ್ ಬಹಳ ಒಳ್ಳೆಯವನು ಎಂದರಂತೆ. ಮ್ಯಾನೇಜರು ಹೌದೆಂದರಂತೆ.

ಸಂಜೆ ದೇವಲಪ್ಪ ಗೆದ್ದ ಹುಂಜದಂತೆ ಬಂದು ಹೊಸ್ತಿಲಲ್ಲಿ ನಿಂತು, "ಏ, ಎಲ್ಲದೀ? ನೌಕರಿ ಉಳೀತು!" ಎಂದು ಕೂಗಿದ. ಹೇಮಿಬಾಯಿ ಹೊರಗೆ ಬಂದಳು. ಆಚೆ ಸಾಲಿನವರೂ ಇಣುಕಿದರು. ಸಾವಂತ್ರೆವ್ವ ಬರಲಿಲ್ಲ. ಅವನು ಮತ್ತೆ ಕೂಗಿದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನೂ ಕೇಳಸಲಿಲ್ರಿ," ಎಂದಳು ಅವಳು ಒಳಗಿನಿಂದಲೇ. "ಮೊನ್ನಿ ಕರದಿರಲ್ಲ, ಹಂಗ ಕರೀರಿ."

ದೇವಲಪ್ಪ ಅತ್ತ ಇತ್ತ ನೋಡಿದ. ಚಾಳಿನವರೆಲ್ಲ ನಿಂತಿದ್ದರು. ಅವನು ಬಾಗಿಲ ಚೌಕಟ್ಟಿಗೆ ಬಾಯಿ ಹತ್ತಿರ ತಂದು, ಬೆಕ್ಕಿಗಷ್ಟೇ ಕೇಳಿಸುವಂತೆ, "ಸಾವಂತ್ರೆವ್ವಾ" ಎಂದ.

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.